ದಿಂಬಿನ ಕೆಳಗಿನ ಸದ್ದು

ಮಂಗಳವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಮೊಂಡಿಗೆ ಅಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ಅವಳ ಮನೆಯಲ್ಲಿ ನೀನೂ ಕ್ಷೇಮವೆಂದು ಚಿಕ್ಕಮ್ಮ ಬಂದು ಹೇಳಿದಳು. ಎರಡು ಹೊತ್ತು ಊಟ ಮಾಡುತ್ತೀಯಂತೆ, ಫೋನ್ ಆಫ್ ಮಾಡಿ ಬೀರುವಿನ ಮೇಲೆ ಇಟ್ಟಿದ್ದೀಯಂತೆ, ನನ್ನ ಸುದ್ದಿ ಎತ್ತಿದರೆ ಬಟ್ಟೆ ಒಣಹಾಕಬೇಕು ಎಂದು ಎದ್ದು ಹೋಗುತ್ತೀಯಂತೆ. ಒಗೆದ ಬಟ್ಟೆ ಇಲ್ಲದಿದ್ದರೂ ಹೋಗುತ್ತೀಯಂತೆ. ಅದಕ್ಕೇ ಈ ಕಾಗದ. ಇದನ್ನು ಆಫ್ ಮಾಡಲು ಬರುವುದಿಲ್ಲ. ಹರಿದುಹಾಕಬಹುದು, ಆದರೆ ಓದದೆ ಹರಿಯುವ ಜಾತಿಯವಳಲ್ಲ ನೀನು. ಹಳೆಯ ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಓದುವವಳು.

ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಬೈಯಬೇಡ. ಪೆನ್ನು ನನ್ನದಲ್ಲ, ಹಾಳೆ ಜಾರುತ್ತಿದೆ, ಎಡಗೈಯಿಂದ ಒತ್ತಿ ಹಿಡಿಯಲು ಆಗುತ್ತಿಲ್ಲ. ಚಿಕ್ಕಮ್ಮ ನಾಲ್ಕು ಗಂಟೆಗೆ ಹೊರಡುತ್ತಾಳೆ, ಅಷ್ಟರಲ್ಲಿ ಮುಗಿಸಬೇಕು.

ಮೊದಲು ವಿಷಯ. ನಾಡಿದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆ. ನಿನಗೊಬ್ಬಳಿಗಲ್ಲ, ಇಪ್ಪತ್ನಾಲ್ಕು ಜನಕ್ಕೂ. ಕಾಲೇಜು ಬಿಡುತ್ತೇನೆಂದು ನೀನು ಕೊಟ್ಟ ಅರ್ಜಿ ಇನ್ನೂ ಆಫೀಸಿನ ಮೇಜಿನ ಮೇಲೇ ಇದೆ. ನಾಳೆ ಸಂಜೆ ಐದರವರೆಗೆ ಅದನ್ನು ಸಹಿಗೆ ಕಳಿಸುವುದಿಲ್ಲವೆಂದು ಗುಮಾಸ್ತರು ಮಾತು ಕೊಟ್ಟಿದ್ದಾರೆ. ಆಮೇಲೆ ನೀನು ಮೂರು ವರ್ಷ ಯೂನಿಫಾರ್ಮ್ ಇಸ್ತ್ರಿ ಮಾಡಿದವಳು, ಅಷ್ಟೆ. ಅಷ್ಟರೊಳಗೆ ನೀನು ತಿಳಿಯಬೇಕಾದ ಸಂಗತಿ ಒಂದಿದೆ. ಅದನ್ನು ನಿನ್ನೆ ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ಅಲ್ಲಿ ಬರೆದ ಕ್ರಮದಲ್ಲೇ ನಿನಗೂ ಬರೆಯುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಾಳೆ ಎಂದು ಹಾಳೆ ಹಾರಿಸಬೇಡ.

ಏಳು ವರ್ಷದಿಂದ ನಾನು ನಿಮ್ಮ ಕಾಲೇಜಿನ ಗಾಜಿನ ಹಿಂದಿನ ಆ ಕೋಣೆಯಲ್ಲಿ ಕೂತಿದ್ದೇನೆ. ಅದು ಬಚ್ಚಲಿಗಿಂತ ದೊಡ್ಡದಲ್ಲ. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಕಾಲು ಕುಂಟುವ ಕುರ್ಚಿ. ಗಾಜಿನಾಚೆ ಮಂಚ, ಮಂಚದ ಮೇಲೆ ನಿಮ್ಮ ತಾತ. ತಾತ ನೀವು ಅಭ್ಯಾಸ ಮಾಡುವ ಪ್ಲಾಸ್ಟಿಕ್ಕಿನ ಗೊಂಬೆಯಾದರೂ ಕಣ್ಣು ಮಿಟುಕಿಸುತ್ತದೆ, ಎದೆ ಏರಿಳಿಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆ, ಕೆಟ್ಟ ಹೊತ್ತಿಗೆ ತುಟಿ ನೀಲಿಯಾಗುತ್ತದೆ. ಎಲ್ಲದರ ಕೀಲಿ ನನ್ನ ಬೆರಳ ತುದಿಯಲ್ಲಿ. ದಿನಕ್ಕೆ ನಾಲ್ಕು ಸಲ ನಾನೇ ನರಳಿದ್ದೇನೆ, ವಾರಕ್ಕೆರಡು ಸಲ ನಾನೇ ಸತ್ತಿದ್ದೇನೆ. ಹೆಂಗಸಿನ ದನಿಯ ತಾತ ಎಂದು ಹೊಸ ಹುಡುಗಿಯರು ಒಂದು ವಾರ ನಗುತ್ತಾರೆ, ಆಮೇಲೆ ಮರೆತುಬಿಡುತ್ತಾರೆ.

ದಿಂಬಿನ ಕೆಳಗೆ ಸ್ಪೀಕರ್ ಇದೆಯಲ್ಲ, ಮೈಕಿನ ಗುಂಡಿ ಒತ್ತಿದರೆ ನನ್ನ ಮಾತು ಅಲ್ಲಿಂದ ಬರುತ್ತದೆ. ಗುಂಡಿ ಹಳೆಯದು. ಒತ್ತಿದ ಕೂಡಲೇ, ದನಿ ಹೊರಡುವ ಮೊದಲೇ, ದಿಂಬಿನ ಕೆಳಗೆ ಟಕ್ ಎನ್ನುತ್ತದೆ. ನೀವು ಪ್ರಶ್ನೆ ಕೇಳಿದಾಗ ಉತ್ತರ ಹೇಳಲು ಒತ್ತುತ್ತೇನೆ, ಅದು ಸರಿ. ಆದರೆ ಯಾರೂ ಏನೂ ಕೇಳದಿರುವಾಗ ಟಕ್ ಎಂದರೆ ತಾತನಿಗೆ ಏನೋ ಕೆಡುತ್ತಿದೆ ಎಂದೇ ಅರ್ಥ. ಟಕ್ ಆದ ಮೇಲೆ 'ಅಯ್ಯೋ ಸಿಸ್ಟರ್' ಬರುತ್ತದೆ. ಜಾಣೆಯರು ಅಯ್ಯೋ ಬರುವವರೆಗೆ ಕಾಯುವುದಿಲ್ಲ, ಟಕ್ ಎಂದಾಗಲೇ ಕೈ ಹಾಕುತ್ತಾರೆ.

ಇದನ್ನು ನೀನಾಗಿ ಕಂಡುಹಿಡಿಯಲಿಲ್ಲ. ನಾನೇ ಹೇಳಿದೆ. ನೀನು ಮೊದಲ ವರ್ಷದಲ್ಲಿದ್ದೆ, ಊಟಕ್ಕೆ ಕೂತಿದ್ದೆವು, ಆ ದಿನ ಒಬ್ಬ ಹುಡುಗಿ ಟಕ್ ಎಂದ ಸದ್ದಿಗೇ ಆಮ್ಲಜನಕದ ಮಾಸ್ಕ್ ಎತ್ತಿಕೊಂಡು ಓಡಿದ್ದನ್ನು ಅಭಿನಯಿಸಿ ತೋರಿಸಿದೆ. ನೀನು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡೆ. ಮುಂದಿನ ತಿಂಗಳಿನಿಂದ ನಿನ್ನ ಅಂಕ ಏರಿತು. ನಾನು ಬಾಯಿ ಬಿಡಲಿಲ್ಲ. ನಿಮ್ಮಪ್ಪ ಇದ್ದಿದ್ದರೆ ಆಗಲೇ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು.

ಗುಂಡಿ ಸರಿಮಾಡಿಸಲು ಕಾಲು ಗಂಟೆ ಸಾಕಿತ್ತು. ಎರಡು ವರ್ಷದಿಂದ ನನಗೆ ಗೊತ್ತಿತ್ತು. ಆದರೆ ಫಲಿತಾಂಶ ಚೆನ್ನಾಗಿ ಬರುತ್ತಿತ್ತು. ಕಾಲೇಜು ನೋಡಲು ಬಂದವರನ್ನೆಲ್ಲ ಪ್ರಿನ್ಸಿಪಾಲರು ಗಾಜಿನ ಹತ್ತಿರ ಕರೆತಂದು, ನಮ್ಮ ಹುಡುಗಿಯರು ಅರ್ಧ ನಿಮಿಷದಲ್ಲಿ ಎಚ್ಚೆತ್ತುಕೊಳ್ತಾರೆ ನೋಡಿ ಎನ್ನುತ್ತಿದ್ದರು. ನಾನು ಹೆಮ್ಮೆಯಿಂದ ಗುಂಡಿ ಒತ್ತುತ್ತಿದ್ದೆ.

ಈಗ ಆ ಶುಕ್ರವಾರದ ಪರೀಕ್ಷೆ. ನಿನ್ನ ಸರದಿ ಒಂಬತ್ತನೆಯದು. ನಿನಗಿಂತ ಮೊದಲು ಎಂಟು ಜನ ಒಳಗೆ ಬಂದು ಹೋದರು. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆದ ರೋಗಿ, ಒಳಗೇ ರಕ್ತ ಸೋರಲು ಶುರುವಾಗುತ್ತದೆ, ಎಂಟು ನಿಮಿಷದಲ್ಲಿ ಅದನ್ನು ಗುರುತಿಸಿ ಡಾಕ್ಟರನ್ನು ಕರೆಯಬೇಕು. ಎಂಟಕ್ಕೆ ಎಂಟೂ ಜನಕ್ಕೆ ನಾನು ಗುಂಡಿ ಒತ್ತಿ ನರಳಿದೆ. ಎಂಟೂ ಜನ ಪಾಸಾದರು. ಆಮೇಲೆ ಚಹಾಕ್ಕೆಂದು ಹತ್ತು ನಿಮಿಷ ಬಿಟ್ಟರು.

ಆ ಹತ್ತು ನಿಮಿಷದ ವಿಷಯವನ್ನು ಈವರೆಗೆ ನಿನಗೆ ಹೇಳಿಲ್ಲ.

ಹೋದ ವರ್ಷ ಚಿನ್ನದ ಪದಕ ತೆಗೆದುಕೊಂಡವಳನ್ನು ನೀವೆಲ್ಲ ಪದಕದ ಅಕ್ಕ ಎಂದು ಕರೆಯುತ್ತಿದ್ದಿರಲ್ಲ, ಅವಳು ಹಿಂಬಾಗಿಲಿನಿಂದ ನನ್ನ ಕೋಣೆಗೆ ಬಂದಳು. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು. ಕೂರು ಎಂದರೆ ಕೂರಲಿಲ್ಲ. ಹಿಂದಿನ ದಿನ ಅವಳ ವಾರ್ಡಿನಲ್ಲಿ ಆಪರೇಷನ್ ಆದ ಒಬ್ಬರಿದ್ದರಂತೆ, ಎರಡು ಮಕ್ಕಳ ತಂದೆ. ಇವಳು ಅವರ ಮಂಚದ ಪಕ್ಕದಲ್ಲೇ ನಿಂತು ಇಪ್ಪತ್ತು ನಿಮಿಷ ಚಾರ್ಟ್ ಬರೆದಿದ್ದಾಳೆ. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಾಳೆ. ಅವರು ನಿದ್ದೆ ಮಾಡುತ್ತಿರಲಿಲ್ಲ. ಐಸಿಯುಗೆ ಸಾಗಿಸುವ ಹೊತ್ತಿಗೆ ಕೈಮೀರಿತ್ತು. ಅವಳು ಅಳಲಿಲ್ಲ, ನನ್ನ ಮೈಕನ್ನೇ ನೋಡುತ್ತಾ ಹೇಳಿದಳು: "ಅವ್ರು ಏನೂ ಹೇಳ್ಲಿಲ್ಲ ಮೇಡಂ. ನೀವು ಯಾವಾಗ್ಲೂ ಹೇಳ್ತಿದ್ರಿ."

ಅಷ್ಟು ಹೇಳಿ ಹೊರಟುಹೋದಳು. ಹೊರಗೆ ಗಂಟೆ ಬಾರಿಸಿದರು. ನೀನು ಬಾಗಿಲು ತೆರೆದು ಒಳಗೆ ಬಂದೆ.

ನೀನು ಕೈ ತೊಳೆದೆ, ಗಾಯದ ಪಟ್ಟಿ ನೋಡಿದೆ, ಹೇಗಿದ್ದೀರಾ ತಾತ ಎಂದು ಕೇಳಿದೆ. ಪರವಾಗಿಲ್ಲಮ್ಮ ಎಂದೆ ನಾನು. ಅಲ್ಲಿಗೆ ಮೈಕಿನಿಂದ ಬೆರಳು ತೆಗೆದೆ. ಮತ್ತೆ ಮುಟ್ಟಲಿಲ್ಲ. ಎರಡನೇ ನಿಮಿಷಕ್ಕೆ ನಾಡಿಯನ್ನು ಏರಿಸಿದೆ, ಮೂರನೆಯದಕ್ಕೆ ಉಸಿರನ್ನು. ತಾತನ ಎದೆ ನಾಯಿಯ ಹೊಟ್ಟೆಯ ಹಾಗೆ ಹಾರುತ್ತಿತ್ತು. ನೀನು ಚಾರ್ಟ್ ಬರೆಯುತ್ತಿದ್ದೆ. ಎಷ್ಟು ಅಂದವಾಗಿ ಬರೆಯುತ್ತಿದ್ದೆ! ಐದನೇ ನಿಮಿಷಕ್ಕೆ ತುಟಿ ನೀಲಿಯಾಯಿತು. ತಿರುಗು ಪುಟ್ಟಾ, ತಿರುಗು ಎಂದು ನಾನು ಗಾಜಿಗೆ ಹಣೆ ಒತ್ತಿಕೊಂಡು ಹೇಳುತ್ತಿದ್ದೆ. ನನ್ನ ಉಸಿರಿಗೆ ಗಾಜು ಮಂಜಾಯಿತು, ಸೆರಗಿನಿಂದ ಒರೆಸಿದೆ. ಒಂದು ಸಲ ಬೆರಳು ಗುಂಡಿಯ ಮೇಲೆ ಹೋಗಿ ಬಂತು. ಆರನೇ ನಿಮಿಷಕ್ಕೆ ನೀನು ತಿರುಗಿದೆ. ಆದರೆ ತಾತನ ಮುಖ ನೋಡಲಿಲ್ಲ, ದಿಂಬಿನ ಕಡೆ ಕಿವಿ ಕೊಟ್ಟು ನಿಂತೆ. ಸದ್ದು ಬರಲಿಲ್ಲ, ಮತ್ತೆ ಚಾರ್ಟಿಗೆ ಹೋದೆ. ಎಂಟನೇ ನಿಮಿಷಕ್ಕೆ ಎದೆ ನಿಂತಿತು.

ನೀನು ಗಾಜಿನ ಕಡೆ ನೋಡಿದೆಯಲ್ಲ, ಆ ಕಡೆಯಿಂದ ನಿನಗೆ ನಿನ್ನ ಮುಖವೇ ಕಂಡಿರಬೇಕು. ನನಗೆ ನೀನು ಕಂಡೆ. ಮೂರು ವರ್ಷದ ಮಗು ಸಂತೆಯಲ್ಲಿ ಕೈ ತಪ್ಪಿ ನಿಂತ ಹಾಗಿದ್ದೆ.

ರೋಗಿ ಮಾತಾಡಬಹುದು, ಮಾತಾಡದೆಯೂ ಇರಬಹುದು, ಅದು ಪರೀಕ್ಷಕರ ವಿವೇಚನೆಗೆ ಬಿಟ್ಟದ್ದು ಎಂದು ಪರೀಕ್ಷೆಯ ಹಾಳೆಯಲ್ಲಿ ಬರೆದಿದೆ. ಅಂದು ಸಂಜೆ ಮನೆಯಲ್ಲಿ ನಿನ್ನ ಮುಖಕ್ಕೆ ಹೊಡೆದ ಹಾಗೆ ಅದನ್ನೇ ಓದಿ ಹೇಳಿದೆ. ನಿಯಮ ಸುಳ್ಳಲ್ಲ. ನಾನು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಹತ್ತನೆಯವಳು ಒಳಗೆ ಬಂದಾಗ ನಾನು ಮತ್ತೆ ಗುಂಡಿ ಒತ್ತಿದೆ. ಹನ್ನೊಂದನೆಯವಳಿಗೂ ಒತ್ತಿದೆ. ಇಪ್ಪತ್ನಾಲ್ಕನೆಯವಳವರೆಗೂ ಒತ್ತಿದೆ. ಸದ್ದಿಲ್ಲದೆ ಸತ್ತ ತಾತ ನಿನಗೊಬ್ಬಳಿಗೇ ಸಿಕ್ಕಿದ್ದು.

ಯಾಕೆ ಎಂದು ಹತ್ತು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ನೀನು ಅಳುತ್ತಾ ಹೊರಗೆ ಹೋದಾಗ ನನ್ನ ಧೈರ್ಯ ಮುಗಿದುಹೋಗಿತ್ತು. ಬೇರೆಯವರ ಮಗಳನ್ನು ಫೇಲ್ ಮಾಡಿದರೆ ಅವಳ ಅಮ್ಮ ಬಂದು ಕೇಳುತ್ತಾಳೆ. ನಿನ್ನ ಪರವಾಗಿ ಕೇಳಬೇಕಾದವಳು ಗಾಜಿನ ಹಿಂದೆ ಕೂತಿದ್ದಳು. ಕೇಳುವವರಿಲ್ಲದ ಕಡೆ ಕೈ ಎತ್ತಿದೆ, ಅಷ್ಟೆ. ಪರೀಕ್ಷೆ ಮುಗಿದ ಮೇಲೆ ಹೊರಗಿನಿಂದ ಬಂದಿದ್ದ ಪರೀಕ್ಷಕಿ ನನ್ನ ಬೆನ್ನು ತಟ್ಟಿ, ಮಗಳು ಅಂತಲೂ ನೋಡ್ಲಿಲ್ಲ, ಭೇಷ್ ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮಾತು ನನಗೆ ಹಿತವಾಯಿತು. 'ಜನ ಹೊಗಳಲಿ ಎಂದೇ ನನ್ನನ್ನು ಬಲಿ ಕೊಟ್ಟೆ' ಎಂದು ನೀನು ಅಂದು ಕೂಗಿದೆ. ಪೂರ್ತಿ ಅದಲ್ಲ. ಆದರೆ ಅದು ಇರಲೇ ಇಲ್ಲ ಎಂದು ಹೇಳಲಾರೆ.

ನೀನು ಬ್ಯಾಗು ತುಂಬಿಕೊಂಡು ಬಾಗಿಲವರೆಗೆ ಹೋಗಿ, ಏನನ್ನೋ ನೆನೆಸಿಕೊಂಡವಳ ಹಾಗೆ ತಿರುಗಿ ಬಂದು ನನ್ನ ಕೈ ಹಿಡಿದೆ. ಏನೋ ಹೇಳಿದೆ. ನಾನು ನಾಟಕ ಸಾಕು ಎಂದು ಕೈ ಕಿತ್ತುಕೊಂಡೆ. ನೀನು ಹೋದ ಮೇಲೆ ಎರಡು ತಟ್ಟೆ ಇಟ್ಟು, ಒಂದನ್ನು ಮತ್ತೆ ಒಳಗಿಟ್ಟೆ.

ಪರೀಕ್ಷೆಯಾದ ಮೂರನೇ ದಿನ, ಹೋದ ವಾರದ ಸೋಮವಾರ, ಪದಕದ ಅಕ್ಕನ ರೋಗಿ ತೀರಿಕೊಂಡರು. ಅವರ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಂದವರನ್ನೆಲ್ಲ, ಅವ್ರು ಏನಾದ್ರೂ ಹೇಳಿದ್ರಾ, ಏನಾದ್ರೂ ಕೇಳಿದ್ರಾ ಎಂದು ವಿಚಾರಿಸುತ್ತಿದ್ದರಂತೆ. ಆ ಹುಡುಗಿಗೆ ಟಕ್ ಎಂದ ಮೇಲೆ ನೋಡು ಎಂದು ಕಲಿಸಿದವಳು ನಾನು. ಅವಳ ಪದಕಕ್ಕೆ ಶಿಫಾರಸು ಬರೆದವಳೂ ನಾನು. ಇಡೀ ವಾರ ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಬಂದೆ. ಕೈಯಲ್ಲಿ ಬಿಳಿ ಹಾಳೆ ಇಟ್ಟುಕೊಂಡು ದಿನವೂ ಪ್ರಿನ್ಸಿಪಾಲರ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಗುರುವಾರ ಗುಮಾಸ್ತರು ನಿನ್ನ ಅರ್ಜಿ ತೋರಿಸಿದರು. ಕಾರಣ ಎಂಬ ಜಾಗದಲ್ಲಿ ನೀನು 'ನನಗೆ ನರ್ಸ್ ಆಗುವ ಯೋಗ್ಯತೆ ಇಲ್ಲ' ಎಂದು ಬರೆದಿದ್ದೆ. ನಿನ್ನ ಮೇಲೆ ಎಷ್ಟು ಕೋಪ ಬಂತೋ ನನ್ನ ಮೇಲೆ ಅದರ ಹತ್ತರಷ್ಟು ಬಂತು.

ನಿನ್ನೆ ಬರೆದುಕೊಟ್ಟೆ. ಟಕ್ ವಿಷಯ, ಎರಡು ವರ್ಷ ಸುಮ್ಮನಿದ್ದ ವಿಷಯ, ಪದಕದ ಅಕ್ಕನ ವಿಷಯ, ಇಪ್ಪತ್ತಮೂರು ಮತ್ತು ಒಂದರ ವಿಷಯ. ಪ್ರಿನ್ಸಿಪಾಲರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಮಗಳನ್ನ ಪಾಸ್ ಮಾಡ್ಸೋಕೆ ಇಡೀ ಬ್ಯಾಚನ್ನ ಮುಳುಗಿಸ್ತೀರಾ ಮೇಡಂ?" ಎಂದರು. ಇಲ್ಲ ಸಾರ್, ಅವಳು ಫೇಲೇ, ಆ ಅಂಕವನ್ನ ಮುಟ್ಬೇಡಿ, ಉಳಿದವರ ಪಾಸು ಸುಳ್ಳು ಎಂದೆ. ಅವರು ನಂಬಿದರೋ ಇಲ್ಲವೋ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಎಲ್ಲರಿಗೂ ಮರುಪರೀಕ್ಷೆ ಎಂದರು. ನನ್ನನ್ನು ಆ ಕೋಣೆಯಿಂದ ತೆಗೆದು ಗ್ರಂಥಾಲಯಕ್ಕೆ ಹಾಕಿದ್ದಾರೆ. ವಿಚಾರಣೆಯೂ ನಡೆಯುತ್ತದೆಯಂತೆ. ನಡೆಯಲಿ. ಗುಂಡಿ ಬದಲಾಯಿಸಿದ್ದಾರೆ. ಗಾಜಿನ ಹಿಂದೆ ಬೇರೆ ಕಾಲೇಜಿನವರು ಕೂರುತ್ತಾರೆ. ಅವರು ಮಾತಾಡುತ್ತಾರೋ ಇಲ್ಲವೋ, ಯಾವ ರೋಗಿ, ಯಾವ ಕಾಯಿಲೆ, ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಈ ಸಲ ಹೇಳುತ್ತಿರಲಿಲ್ಲ.

ಇನ್ನೊಂದು ಕಹಿ ಮಾತನ್ನೂ ಕೇಳಿಬಿಡು. ನಿನ್ನ ಗೆಳತಿಯರು ನಿನ್ನನ್ನು ಬೈಯುತ್ತಿದ್ದಾರೆ. ಪಾಸಾದವರನ್ನೆಲ್ಲ ಮತ್ತೆ ಸಾಲಿನಲ್ಲಿ ನಿಲ್ಲಿಸಿದ್ದು ನಿನ್ನ ಅಮ್ಮ. ನೀನು ಬಾಗಿಲೊಳಗೆ ಬಂದಾಗ ಯಾರೂ ಜಾಗ ಬಿಡದಿರಬಹುದು. ನೀನು ಮತ್ತೆ ಫೇಲೂ ಆಗಬಹುದು, ಆಗ ನಾನು ನಿನಗೆ ಸಮಾಧಾನ ಹೇಳಲು ಬರುವ ಸ್ಥಿತಿಯಲ್ಲೂ ಇರಲಿಕ್ಕಿಲ್ಲ. ಆದರೂ ಬಾ. ಆ ಅರ್ಜಿಯಲ್ಲಿ ಬರೆದ ಕಾರಣ ತಪ್ಪು. ಅದು ಸಾಂತ್ವನದ ಮಾತಲ್ಲ. ನನ್ನ ಹತ್ತಿರ ಅದಕ್ಕೆ ಸಾಕ್ಷಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಮಂಚದ ಮೇಲೆ ಗೊಂಬೆಯಿರಲಿ, ಮನುಷ್ಯರಿರಲಿ, ಮೊದಲು ಹೋಗಿ ಮುಖ ನೋಡು. ಕೈ ಮುಟ್ಟು. ಚಾರ್ಟ್ ಎಲ್ಲೂ ಓಡಿಹೋಗುವುದಿಲ್ಲ. ಏಳು ವರ್ಷದಲ್ಲಿ ನಾನು ಮೊದಲ ದಿನವೇ ಹೇಳಿಕೊಡಬೇಕಾಗಿದ್ದ ಪಾಠ ಇದೊಂದೇ. ನಿನಗೆ ತಡವಾಗಿ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಬರೆಯಲು ಮೂರು ಸಲ ಹೋಗಿ ಹೊಡೆದುಹಾಕಿದ್ದೇನೆ, ಮೇಲೆ ಎಲ್ಲೋ ಆ ಗೀಚು ಕಾಣಿಸುತ್ತದೆ. ಈಗ ಬರೆದೇಬಿಡುತ್ತೇನೆ. ಕ್ಷಮಿಸು ಕಂದಾ.

ಚಿಕ್ಕಮ್ಮ ಚಪ್ಪಲಿ ಹಾಕಿಕೊಂಡಾಯಿತು. ನಿನ್ನ ಇಸ್ತ್ರಿ ಮಾಡಿದ ಯೂನಿಫಾರ್ಮನ್ನೂ, ಗಡಿಯಾರವನ್ನೂ ಅವಳ ಚೀಲದಲ್ಲಿ ಇಡಿಸಿದ್ದೇನೆ.

ಗಾಜಿನ ಈಚೆಗೆ ಬಂದಿರುವ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ 'ನಾನು ಕ್ಷೇಮ' ಎಂದು ಬರೆದದ್ದು ಪೂರ್ತಿ ನಿಜವಲ್ಲ. ಈ ಕಾಗದವನ್ನು ಮನೆಯಿಂದ ಬರೆಯುತ್ತಿಲ್ಲ. ಅಂದು ಬಾಗಿಲಲ್ಲಿ ನೀನು ಕೈ ಹಿಡಿದು, "ಅಮ್ಮಾ, ನಿನ್ನ ನಾಡಿ ಸರಿಯಿಲ್ಲ, ನಾಳೆನೇ ತೋರಿಸ್ಕೋ" ಎಂದೆಯಲ್ಲ. ಅಷ್ಟು ಕೋಪದಲ್ಲೂ ನಿನ್ನ ಬೆರಳು ನನ್ನ ಮಣಿಕಟ್ಟಿನ ಮೇಲೆ ಸರಿಯಾದ ಜಾಗದಲ್ಲಿತ್ತು. ನನ್ನನ್ನು ಹೆದರಿಸಿ ಮಣಿಸಲು ನೋಡುತ್ತಿದ್ದಾಳೆ ಎಂದುಕೊಂಡೆ ನಾನು. ನಿನ್ನೆ ಬರೆದುಕೊಟ್ಟು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಕೂತು ನನ್ನ ನಾಡಿಯನ್ನು ನಾನೇ ಹಿಡಿದುಕೊಂಡೆ. ಮೂರು ಬಡಿತದ ಮೇಲೆ ಎಣಿಕೆಯೇ ಸಿಗಲಿಲ್ಲ. ನೋವಿಲ್ಲ, ಸುಸ್ತಿಲ್ಲ, ಯಾವ ಸದ್ದೂ ಇಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಬಂದೆ. ಹೃದಯದ ಬಡಿತ ತಾಳ ತಪ್ಪಿದೆಯಂತೆ, ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುತ್ತಿತ್ತಂತೆ. ಗುರುವಾರದವರೆಗೆ ಇಲ್ಲೇ ಇಟ್ಟುಕೊಳ್ಳುತ್ತಾರೆ. ಎಡಗೈಗೆ ಸೂಜಿ ಹಾಕಿದವಳು ಪದಕದ ಅಕ್ಕ, ಅವಳನ್ನು ಈ ವಾರ್ಡಿಗೆ ಬದಲಾಯಿಸಿದ್ದಾರೆ. ಚಾರ್ಟ್ ಮುಟ್ಟುವ ಮೊದಲು ಪೂರ್ತಿ ಒಂದು ನಿಮಿಷ ನನ್ನ ಮುಖ ನೋಡುತ್ತಾ ನಿಲ್ಲುತ್ತಾಳೆ. ನಾನು ಬಾಯಿ ತೆರೆದರೆ, ನೀವೇನೂ ಹೇಳ್ಬೇಡಿ ಮೇಡಂ, ನಾನೇ ನೋಡ್ತೀನಿ ಎನ್ನುತ್ತಾಳೆ. ಗುರುವಾರ ನೀನು ಮೊದಲು ಇಲ್ಲಿಗೆ ಓಡಿಬರಬೇಡ, ಪರೀಕ್ಷೆ ಮುಗಿಸಿಕೊಂಡು ಬಾ. ಇದನ್ನ ಮೊದಲು ಗಮನಿಸಿದ್ದು ಯಾರು ಎಂದು ಡಾಕ್ಟರು ಕೇಳಿದರು. ಮಗಳು ಎನ್ನಲಿಲ್ಲ ನಾನು. ಒಬ್ಬ ನರ್ಸ್ ಎಂದೆ.